ನಲವತ್ತರ ಕಾರ್ಡು ಮತ್ತು ಒಂದು ಹಳೆಯ ಲ್ಯಾಪ್‌ಟಾಪು

ನನ್ನ ಲ್ಯಾಪ್‌ಟಾಪಿಗೆ ಈಗ ಹನ್ನೆರಡು ವರ್ಷ. ಮನುಷ್ಯರಲ್ಲಾದರೆ ಏಳನೇ ತರಗತಿಯ ವಯಸ್ಸು. ಲ್ಯಾಪ್‌ಟಾಪುಗಳಲ್ಲಿ ಅದು ನನ್ನ ಓರಗೆ. ಸದರಿ ಯಂತ್ರದ ಬ್ಯಾಟರಿ ಯಾವತ್ತೋ ಕೈಕೊಟ್ಟಿದೆ, ಹಾಗಾಗಿ ಸದಾ ವೈರಿನ ಆಸರೆ ಬೇಕು. ಕೀಲಿಮಣೆಯಲ್ಲಿ ಒಂದು ಹಲ್ಲು ಉದುರಿದೆ. ಮುಚ್ಚಳದ ಕೀಲು ಸಡಿಲವಾಗಿ, ಗೋಡೆಗೆ ಒರಗಿಸಿದರೆ ಮಾತ್ರ ನೆಟ್ಟಗೆ ಕೂರುತ್ತದೆ. ಊಟವಾದ ಮೇಲೆ ನಾನೂ ಹಾಗೆಯೇ ಕೂರುವುದು.

ಪಾಂಡವಪುರದ ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಾನು ನಿವೃತ್ತನಾದಾಗ, ಇದನ್ನು ಎಲ್ಲಿಂದಲೋ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ ತಂದುಕೊಟ್ಟವನು ನನ್ನ ಗೆಳೆಯ. "ತಕೋ. ಇದ್ರಲ್ಲಾದ್ರೂ ಒಸಿ ಕೆಲ್ಸ ಮಾಡ್ಲಾ, ಕಚೇರೀಲಂತೂ ಮಾಡ್ಲಿಲ್ಲ" ಎಂದು ಆಶೀರ್ವದಿಸಿಯೇ ಕೊಟ್ಟ.

ಅವನ ಅಂಗಡಿ ಶ್ರೀರಂಗಪಟ್ಟಣದಲ್ಲಿ, ಕೋಟೆ ಗೋಡೆಯ ಒಳಮಗ್ಗುಲಿನ ಒಂದು ಓಣಿಯಲ್ಲಿತ್ತು. ಶುರುವಿನಲ್ಲಿ ಅವನು ಬೋರ್ಡು ಬರೆಯುವ ಪೇಂಟರು. ಚಿನಕುರಳಿ ಕಡೆಯ ಕಲ್ಲು ಲಾರಿಗಳ ಹಣೆಯ ಮೇಲೆ, ಟ್ರಾಕ್ಟರುಗಳ ಬೆನ್ನ ಮೇಲೆ, ಹಾಲಿನ ಡೈರಿಗಳ ಗೋಡೆಯ ಮೇಲೆ ದೇವರು, ಅಪ್ಪ ಅಮ್ಮ, ಮಕ್ಕಳ ಹೆಸರುಗಳನ್ನು ಬರೆದುಕೊಂಡಿದ್ದವನು ಕಾಲ ಬದಲಾದಾಗ ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಇಟ್ಟುಕೊಂಡು ಕಾರ್ಡು ಹೊಡೆಯಲು ಕೂತ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ. ಆದರೆ ಕಂಪ್ಯೂಟರಿನ ಜತೆ ಬಂದ ಕನ್ನಡದ ಅಕ್ಷರಗಳು ಅವನಿಗೆ ಹಿಡಿಸಲಿಲ್ಲ. "ಆಸ್ಪತ್ರೆ ಚೀಟಿ ಇದ್ದಂಗವೆ" ಎಂದ. ಆಮೇಲೆ ಮೂರು ವರ್ಷ ಕೂತು, ತನ್ನ ಕುಂಚದ ಅಕ್ಷರಗಳನ್ನು ಒಂದೊಂದಾಗಿ ಹಾಳೆಯ ಮೇಲೆ ಬರೆದು, ಒತ್ತು ದೀರ್ಘಗಳ ಸಮೇತ ಅಷ್ಟನ್ನೂ ಯಂತ್ರದೊಳಗೆ ಇಳಿಸಿದ. ಅವನ ತಲೆಕಟ್ಟು ಬಲತುದಿಯಲ್ಲಿ ಹಳ್ಳಿಕಾರ್ ಎತ್ತಿನ ಕೊಂಬಿನ ಹಾಗೆ ಒಂದಿಷ್ಟು ಮೇಲಕ್ಕೆ ಬಾಗಿರುತ್ತಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಓದಲು ಬಾರದವರೂ ಕಾರ್ಡನ್ನು ಕೈಗೆ ತೆಗೆದುಕೊಂಡ ತಕ್ಷಣ "ಸಾಬ್ರ ಅಂಗಡೀದು" ಎನ್ನುತ್ತಿದ್ದರು.

ಅಲ್ಲಿ ನನ್ನ ಹುದ್ದೆ ಕರಡು ತಿದ್ದುವುದು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗುತ್ತಿದ್ದೆ. ವೇತನ, ಎರಡು ಟೀ. ನಮ್ಮದೊಂದು ಪದ್ಧತಿಯಿತ್ತು: ಇಬ್ಬರು ಕೂತು ಓದದೆ ಯಾವ ಕಾರ್ಡೂ ಅಚ್ಚಿಗೆ ಹೋಗಕೂಡದು, ಮತ್ತು ಓದುವುದು ಕೊನೆಯಿಂದ ಮೊದಲಿಗೆ. ಅವನು ಪರದೆಯನ್ನು ನೋಡಿಕೊಂಡು ಕಟ್ಟಕಡೆಯ ಪದದಿಂದ ಒಂದೊಂದೇ ಪದ ಹಿಂದಕ್ಕೆ ಓದುತ್ತ ಬರುತ್ತಿದ್ದ, ನಾನು ಗಿರಾಕಿ ಕೊಟ್ಟ ಚೀಟಿಯಲ್ಲಿ ಗುರುತು ಹಾಕುತ್ತಿದ್ದೆ. ಮುಂದಿನಿಂದ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗಿಬಿಡುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವನ ಸಿದ್ಧಾಂತ. ತಿಥಿ ಕಾರ್ಡುಗಳಲ್ಲಿ ಇದರಿಂದ ಇನ್ನೊಂದು ಅನುಕೂಲವಿತ್ತು. ಮೊದಲು ಬಂಧುಮಿತ್ರರು ಬರುತ್ತಿದ್ದರು, ಆಮೇಲೆ ಮೊಮ್ಮಕ್ಕಳು, ಸೊಸೆಯಂದಿರು, ಮಕ್ಕಳು, ಹೆಂಡತಿ. ಆ ಮನುಷ್ಯ ಸತ್ತ ಸುದ್ದಿ ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ಅಲ್ಲಿಯವರೆಗೆ ಅವನು ಬದುಕಿರುತ್ತಿದ್ದ.

ಹಾಗೊಂದು ಶನಿವಾರ, ನಾಗಮಂಗಲದ ಯಾರದೋ ತಿಥಿ ಕಾರ್ಡು ಮುಗಿಸಿದ ಮೇಲೆ ಅವನು ಟೀ ಲೋಟ ಕೆಳಗಿಟ್ಟು ಅಂದ: "ನಾನು ಸತ್ಮೇಲೆ ನನ್ ನಲವತ್ತನೇ ದಿನದ ಫಾತೆಹಾ ಕಾರ್ಡು ನನ್ ಅಕ್ಸರದಲ್ಲೇ ಇರ್ಬೇಕು ಕಣ್ಲಾ. ಬ್ಯಾರೆಯವ್ನ ಅಕ್ಸರದಲ್ಲಿ ಸಾಯಾಕೆ ನಂಗೆ ಮನಸಿಲ್ಲ."

"ಅರ್ಜಿ ಕೊಡು, ಪರಿಶೀಲಿಸ್ತೀನಿ" ಎಂದೆ.

"ನೀನು ಪರಿಸೀಲಿಸೋ ಒತ್ಗೆ ನಂಗೆ ಎಲ್ಡನೇ ಸಲ ಸಾವು ಬಂದಿರ್ತದೆ. ಮೊದಲ್ನೇ ಸಲಕ್ಕೆ ಯಾವತ್ತಾದ್ರೂ ಊಂ ಅಂದಿದ್ದೀಯೇನ್ಲಾ ನೀನು? ಮದ್ವೇಲೂ ಇಲ್ಲ ಅಂದಿರ್ತೀಯ."

ಈ ಆರೋಪ ನಿಜ. ಮದುವೆಯದನ್ನು ನನ್ನ ಹೆಂಡತಿ ದೃಢೀಕರಿಸುತ್ತಾಳೆ. ಕಚೇರಿಗೆ ಸೇರಿದ ಮೊದಲ ವಾರವೇ ನನ್ನ ಮೇಲಿನವರು ಹೇಳಿಕೊಟ್ಟ ವಿದ್ಯೆ ಅದು: ಮೊದಲ ಸಲ ಮೇಜಿಗೆ ಬಂದ ಯಾವ ಕಾಗದಕ್ಕೂ ಹೌದು ಅನ್ನಬೇಡ, ಹೌದು ಎಂದರೆ ಅದು ಕಾಯಂ, ಇಲ್ಲ ಎಂದರೆ ಯಾವತ್ತು ಬೇಕಾದರೂ ಹೌದು ಮಾಡಿಕೊಳ್ಳಬಹುದು. ಮೂವತ್ತೆರಡು ವರ್ಷ ಈ ವಿದ್ಯೆ ನನ್ನನ್ನು ಕಾಪಾಡಿತು. ಯಾರನ್ನು ಕಾಪಾಡಲಿಲ್ಲ ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ.

ಅವನು ಹೋದದ್ದು ಒಂದು ಶುಕ್ರವಾರ. ನಮಾಜು ಮುಗಿಸಿ ಅಂಗಡಿಗೆ ಬಂದು, ಕಂಪ್ಯೂಟರ್ ಹಚ್ಚಿ, ಕುರ್ಚಿಯಲ್ಲಿ ಕೂತಿದ್ದಾನೆ. ಪಕ್ಕದ ಸೈಕಲ್ ಅಂಗಡಿಯವನು ಏನೋ ಕೇಳಲು ಬಂದಾಗ ಕಣ್ಣು ತೆರೆದೇ ಇತ್ತು, ಉತ್ತರ ಮಾತ್ರ ಬರಲಿಲ್ಲ. ಜನ ಸೇರಿ, ಅವನನ್ನು ಎತ್ತಿಕೊಂಡು, ಗಡಿಬಿಡಿಯಲ್ಲಿ ಮೈನ್ ಸ್ವಿಚ್ಚು ಆರಿಸಿ ಬಾಗಿಲು ಎಳೆದರು. ನಾನು ಪಾಂಡವಪುರದಿಂದ ಹೋಗುವ ಹೊತ್ತಿಗೆ ಮಯ್ಯತ್ತು ಹೊರಡುವುದರಲ್ಲಿತ್ತು. ಹೆಗಲು ಕೊಟ್ಟೆ. ಗಟ್ಟಿ ಆಳು, ಆವತ್ತು ಯಾಕೋ ತೂಕವೇ ಇರಲಿಲ್ಲ.

ವಾರ ಕಳೆದು ಅಂಗಡಿಯ ಬಾಗಿಲು ತೆಗೆದಾಗ ಕಂಪ್ಯೂಟರ್ ಹತ್ತಲಿಲ್ಲ. ಹಾಗೆ ದಿಢೀರನೆ ಕರೆಂಟು ಕಿತ್ತದ್ದಕ್ಕೋ, ಒಡೆಯ ಹೋದದ್ದಕ್ಕೋ, ಅದೂ ಹೋಗಿತ್ತು. ಅವನಿಗೆ ಒಬ್ಬಳೇ ಮಗಳು, ಕೆ.ಆರ್. ಪೇಟೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ, ಅಲ್ಲೇ ಸಂಸಾರ. ಅವಳು ಆ ಪೆಟ್ಟಿಗೆಯನ್ನು ಮೈಸೂರಿಗೆ ಹೊತ್ತುಕೊಂಡು ಹೋಗಿ ರಿಪೇರಿಯವನೊಬ್ಬನಿಗೆ ತೋರಿಸಿದಳು. ಪೆಟ್ಟಿಗೆ ಸತ್ತಿದೆ, ಒಳಗಿನ ಡಿಸ್ಕು ಮಾತ್ರ ಜೀವವಾಗಿದೆ ಎಂದು ಅವನು ಡಿಸ್ಕನ್ನು ಇಡಿಯಾಗಿ ನಕಲು ಮಾಡಿ, ಒಂದೇ ಒಂದು ದೊಡ್ಡ ಫೈಲಾಗಿ ಕೊಟ್ಟ. ಅಂದರೆ ಆತ್ಮ ಕ್ಷೇಮ, ದೇಹವಿಲ್ಲ.

ಅಕ್ಷರಗಳನ್ನಷ್ಟೇ ಅದರಿಂದ ಎತ್ತಿಕೊಂಡು ಕಾಲೇಜಿನ ಹೊಸ ಕಂಪ್ಯೂಟರಿಗೆ ಹಾಕಲು ಮಗಳು ನೋಡಿದಳಂತೆ. ಒತ್ತುಗಳೆಲ್ಲ ಒಂದರ ಮೇಲೊಂದು ಬಿದ್ದು, ಜಗಳ ಬಿಡಿಸಲಾಗದ ಹಾಗೆ ಆಯಿತು. ಆ ಅಕ್ಷರಗಳು ಅವನ ಹಳೆಯ ಟೈಪಿಂಗ್ ಪ್ರೋಗ್ರಾಮಿನಲ್ಲೇ ಕೂರಬೇಕು; ಆ ಪ್ರೋಗ್ರಾಮು ಹಳೆಯ ಕಾಲದ ವಿಂಡೋಸಿನಲ್ಲೇ ಓಡಬೇಕು. ದಾರಿ ಒಂದೇ. ಈಗಿನ ಕಂಪ್ಯೂಟರೊಂದರ ಹೊಟ್ಟೆಯೊಳಗೆ ಇಲ್ಲದ ಕಂಪ್ಯೂಟರೊಂದನ್ನು ಇದೆಯೆಂಬಂತೆ ಸೃಷ್ಟಿಸಿ, ಆ ಫೈಲನ್ನು ಅದರೊಳಗೆ ಹೊಗಿಸುವುದು. ನಮ್ಮ ಹಿರಿಯರು ಇದನ್ನು ಪರಕಾಯ ಪ್ರವೇಶ ಎನ್ನುತ್ತಿದ್ದರು. ಈಗಿನವರು ವರ್ಚುಯಲೈಸೇಶನ್ ಅನ್ನುತ್ತಾರೆ. ಕಾಲೇಜಿನ ಯಂತ್ರಗಳಲ್ಲಿ ಇಂಥ ಮಂತ್ರ ಪ್ರಯೋಗಿಸುವಂತಿಲ್ಲ, ಅವಳಲ್ಲಿ ಸ್ವಂತದ್ದು ಫೋನು ಮಾತ್ರ. ಪರಕಾಯಕ್ಕೆ ಸಿಕ್ಕಿದ್ದು ನನ್ನ ಲ್ಯಾಪ್‌ಟಾಪು.

ಹದಿನೇಳನೆಯ ದಿನ, ಭಾನುವಾರ, ಅವಳು ನಮ್ಮ ಮನೆಗೆ ಬಂದಳು. ಸಂಜೆ ನಾಲ್ಕರವರೆಗೆ ಫೈಲು ನಕಲಾಗುತ್ತಲೇ ಇತ್ತು. ನನ್ನ ಹೆಂಡತಿ ಉಪ್ಪಿಟ್ಟು ಮಾಡಿಕೊಟ್ಟಳು, ಹುಡುಗಿ ತಟ್ಟೆ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಕೊನೆಗೆ ಶುರು ಮಾಡುವ ಗುಂಡಿ ಒತ್ತಿದರೆ ಒಂದು ಚೌಕ ಎದ್ದು ಇಂಗ್ಲಿಷಿನಲ್ಲಿ ಏನೋ ತಕರಾರು ಹೇಳಿತು.

"ಏನಂತಮ್ಮ?"

"ಆ ಸೌಲಭ್ಯ ಇದ್ರಲ್ಲಿ ಐತೆ ಚಾಚಾ, ಆದ್ರೆ ಆಫ್ ಮಾಡಿಟ್ಟವ್ರೆ ಅಂತೈತೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕಂಪ್ನಿಯವ್ರೇ ಆಫ್ ಮಾಡಿ ಕೊಟ್ಟಿರ್ತಾರೆ. ಹೊತ್ತಿಸ್ತಿದ್ದಂಗೆ ಬಯೋಸ್ ಅಂತ ಒಂದು ಜಾಗಕ್ಕೆ ಹೋಗಿ ಆನ್ ಮಾಡ್ಬೇಕು."

ಇಷ್ಟು ವರ್ಷ ನನ್ನ ಮನೆಯಲ್ಲಿದ್ದ ಯಂತ್ರಕ್ಕೆ ಇನ್ನೊಂದು ಜೀವವನ್ನು ಒಳಗಿಟ್ಟುಕೊಳ್ಳುವ ಶಕ್ತಿಯಿತ್ತು, ಯಾರೂ ಕೇಳಿರಲಿಲ್ಲವಾಗಿ ಅದು ಹೇಳಿರಲಿಲ್ಲ. ಸರ್ಕಾರಿ ನೌಕರನ ಮನೆಯ ಯಂತ್ರ.

ಕೆ.ಆರ್. ಪೇಟೆಯ ಬಸ್ಸಿಗೆ ಹೊತ್ತಾಗಿತ್ತು. ಅವಳು ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಟ್ಟಳು: ಪೂರ್ತಿ ಆರಿಸಿ. ಮತ್ತೆ ಹಚ್ಚಿದ ಕೂಡಲೇ ಎಫ್-ಎರಡು ಒತ್ತುತ್ತಲೇ ಇರಿ. ಬಾಣದ ಗುರುತಿನ ಗುಂಡಿಗಳಿಂದ ಎರಡನೇ ಪುಟಕ್ಕೆ ಹೋಗಿ. ವರ್ಚುಯಲೈಸೇಶನ್ ಎಂಬುದರ ಮುಂದೆ ಡಿಸೇಬಲ್ಡ್ ಅಂತಿದ್ದರೆ ಎನೇಬಲ್ಡ್ ಮಾಡಿ. ಆಮೇಲೆ ಎಫ್-ಹತ್ತು ಒತ್ತಿ.

"ನಾನೇ ಮುಂದಿನ್ ವಾರ ಬಂದು ಮಾಡ್ಲಾ ಚಾಚಾ?"

"ನೀನ್ಯಾಕಮ್ಮ ಅಲ್ಲಿಂದ ಬತ್ತೀಯ, ನಾನಿಲ್ವಾ. ಇಂಥ ಎಷ್ಟು ಕಡತ ನೋಡಿದ್ದೀನಿ."

ಅವಳ ತಾಯಿ ಇದ್ದತ್ತಿನಲ್ಲಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಬಂದವರು ಹೋದವರು, ಎಲ್ಲವೂ ಮಗಳ ತಲೆಯ ಮೇಲೆ. ಕಾರ್ಡು ಮೂವತ್ತನೆಯ ದಿನಕ್ಕೆ ಕೈಗೆ ಬಂದರೆ ಮಾತ್ರ ನಾಲ್ಕು ತಾಲ್ಲೂಕಿಗೆ ಹಂಚಲು ಸಾಧ್ಯ. "ಬರೀ ಕಾರ್ಡು ಅಂತ ಅಲ್ಲ ಚಾಚಾ" ಎಂದಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಅಬ್ಬಾ ನಂಗೂ ಹೇಳಿದ್ರು." ನನಗೊಬ್ಬನಿಗೇ ಹೇಳಿದ್ದೆಂದು ನಾನು ತಿಳಿದಿದ್ದೆ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು ಕೂತೆ. ಎಫ್-ಎರಡಕ್ಕೆ ಆ ಯಂತ್ರ ಕೊಡುತ್ತಿದ್ದ ಕಾಲಾವಕಾಶ ಎರಡು ಸೆಕೆಂಡು. ನನ್ನ ಸೇವಾವಧಿಯಲ್ಲಿ ಯಾವ ಕಚೇರಿಯೂ ಯಾರಿಗೂ ಇಷ್ಟು ಕಡಿಮೆ ಗಡುವು ಕೊಟ್ಟದ್ದಿಲ್ಲ. ನಾಲ್ಕು ಸಲ ತಪ್ಪಿ, ಐದನೆಯ ಸಲ ಬಾಗಿಲು ತೆರೆಯಿತು. ನೀಲಿ ಪಟ್ಟಿ, ಬೂದು ಪರದೆ, ಚಿತ್ರವಿಲ್ಲ, ಬಣ್ಣವಿಲ್ಲ; ಮೌಸಿಗೂ ಅಲ್ಲಿ ಪ್ರವೇಶವಿಲ್ಲ. ಹಳೆಯ ದಾಖಲೆ ಕೋಣೆಗೆ ಕಾಲಿಟ್ಟ ಹಾಗಾಗಿ ಮನಸ್ಸಿಗೆ ಹಿತವಾಯಿತು. ಎರಡನೇ ಪುಟದಲ್ಲಿ ಆ ಸಾಲು ಸಿಕ್ಕಿತು. ಡಿಸೇಬಲ್ಡ್ ಇದ್ದದ್ದನ್ನು ಎನೇಬಲ್ಡ್ ಮಾಡಿದೆ. ಎಫ್-ಹತ್ತು ಒತ್ತಿದೆ.

ಆಗ ಅದು ಒಂದು ಪ್ರಶ್ನೆ ಕೇಳಿತು. ಬದಲಾವಣೆಗಳನ್ನು ಉಳಿಸಿ ಹೊರಹೋಗುವುದೇ? ಹೌದು. ಇಲ್ಲ.

ಕ್ಯಾಲೆಂಡರಿನ ಹಾಳೆಯಲ್ಲಿ ಈ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಇದಕ್ಕೆ ಉತ್ತರ ಬರೆದುಕೊಡಬೇಕಾದ ಪ್ರಾಣಿ ಭೂಮಿಯ ಮೇಲಿದೆ ಎಂದು ಆ ಹುಡುಗಿಗೆ ಹೊಳೆದಿರಲಾರದು. ನಾನು ಯೋಚಿಸಿದೆ. ಬದಲಾವಣೆಯನ್ನು ಮಾಡಿಯಾಗಿದೆ, ಎನೇಬಲ್ಡ್ ಎಂದು ಕಣ್ಣಾರೆ ನೋಡಿದ್ದೇನೆ. ಅದನ್ನು ಕಾಯಂ ಮಾಡುವುದೇ ಎಂದು ಈಗ ಕೇಳುತ್ತಿದೆ. ಯಂತ್ರದ ಮೂಲ ದಾಖಲೆಗೆ ಕೈಹಾಕುವ ವಿಚಾರ. ಸದ್ಯಕ್ಕೆ ತಾತ್ಕಾಲಿಕವಾಗಿರಲಿ, ಸರಿಬಂದರೆ ಮುಂದೆ ಮಗಳೇ ಬಂದು ಕಾಯಂ ಮಾಡಲಿ.

ಇಲ್ಲ ಎಂದು ಒತ್ತಿದೆ.

ಫೋನಿನಲ್ಲಿ ಅವಳು ಹೇಳಿಕೊಟ್ಟಂತೆ ಪ್ರೋಗ್ರಾಮು ಹಚ್ಚಿದೆ. ಅದೇ ಚೌಕ, ಅದೇ ತಕರಾರು.

"ಎನೇಬಲ್ಡ್ ಮಾಡಿದ್ರಾ ಚಾಚಾ?"

"ಮಾಡ್ದೆ."

"ಎಫ್-ಟೆನ್ ಒತ್ತಿದ್ರಾ?"

"ಒತ್ತಿದೆ."

ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಿದೆ. ಕೇಳದಿದ್ದದ್ದನ್ನು ಹೇಳಲಿಲ್ಲ. ಇದೂ ಕಚೇರಿಯ ವಿದ್ಯೆ.

ಮಾರನೆಯ ದಿನ ಮತ್ತೆ ಒಳಹೊಕ್ಕು ನೋಡಿದರೆ ಡಿಸೇಬಲ್ಡ್ ಎಂದೇ ಇತ್ತು. ಯಂತ್ರದ ಹಟ ನೋಡಿ ನನಗೂ ರೇಗಿತು. ಮತ್ತೆ ಬದಲಿಸಿದೆ, ಮತ್ತೆ ಅದು ಕೇಳಿತು, ನಾನು ಮತ್ತೆ ಇಲ್ಲ ಎಂದೆ. ಹೀಗೆ ಬುಧವಾರವೂ. "ಅದು ತಾನಾಗೇ ಆಫ್ ಆಗ್ಬುಡ್ತದೆ ಕಣಮ್ಮ" ಎಂದು ವರದಿ ಒಪ್ಪಿಸಿದೆ. ಅವಳು ಎಲ್ಲೆಲ್ಲೋ ಓದಿ, ಹಳೆಯ ಲ್ಯಾಪ್‌ಟಾಪುಗಳ ಒಳಗೆ ನಾಣ್ಯದಷ್ಟಗಲದ ಒಂದು ಸೆಲ್ ಇರುತ್ತದೆ, ಅದು ಸತ್ತರೆ ಯಂತ್ರ ತನ್ನ ನೆನಪನ್ನೆಲ್ಲ ಮರೆಯುತ್ತದೆ ಎಂದು ಪತ್ತೆ ಮಾಡಿದಳು. ನಾನು ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಸೆಲ್ ತರಿಸಿ ಹಾಕಲು ಆತ ಐದು ದಿನ ತೆಗೆದುಕೊಂಡ.

"ಅಳೇ ಸೆಲ್ಲು ಚೆನ್ನಾಗೇ ಐತಲ್ಲ ಸ್ವಾಮಿ" ಎಂದ, ಕೊಡುವಾಗ.

"ಚೆನ್ನಾಗಿದ್ರೆ ಯಾಕಪ್ಪ ಮರೀತಿತ್ತು?"

"ನಂಗೇನ್ ಗೊತ್ತು. ನೀವೇ ಕೇಳಿ."

ಹೊಸ ಸೆಲ್ಲಿನ ಸಮಾರಂಭದಲ್ಲೂ ಯಂತ್ರ ಅದೇ ಪ್ರಶ್ನೆ ಕೇಳಿತು, ನಾನು ಅದೇ ಉತ್ತರ ಕೊಟ್ಟೆ. ನನ್ನ ಹೆಂಡತಿ ಹುಳಿಗೆ ಬೇಳೆ ಆರಿಸುತ್ತ ಪಕ್ಕದಲ್ಲೇ ಕೂತಿದ್ದಳು. "ಆ ಹೆಣ್ಮಗೂನ ಒಂದ್ಸಲ ಕರೀರೀ, ನಿಮ್ಮಿಂದ ಆಗಲ್ಲ" ಎಂದಳು. ಆಗುತ್ತದೆ ಎಂದೆ. ನನ್ನ ಗೆಳೆಯ ನನಗೆ ಕೊಟ್ಟ ಯಂತ್ರ, ಅವನ ಕಡೆಯ ಕೆಲಸ; ನನ್ನ ಕೈಯಿಂದಲೇ ಆಗಲಿ ಎಂದು ಒಳಗೊಳಗೇ ಇತ್ತು. ಇದನ್ನು ಅಭಿಮಾನ ಎನ್ನಬಹುದು. ತಿಳಿದವರು ಬೇರೆ ಹೆಸರಿಂದ ಕರೆದರೂ ನನ್ನ ಆಕ್ಷೇಪಣೆಯಿಲ್ಲ.

ಮೂವತ್ತನೆಯ ದಿನ ಅವಳ ಫೋನು ಬಂತು. ದನಿ ಆಯಾಸಗೊಂಡಿತ್ತು. "ಬುಡಿ ಚಾಚಾ. ಆ ಲ್ಯಾಪ್‌ಟಾಪ್‌ಗೆ ವಯಸ್ಸಾಯ್ತು, ಅದ್ರ ಕೈಲಿ ಆಗಲ್ಲ ಅನ್ಸುತ್ತೆ. ಮೈಸೂರ್ನಲ್ಲೇ ಹೊಡೆಸ್ಬುಡ್ತೀನಿ." ಆ ಮಾತನ್ನು ಲ್ಯಾಪ್‌ಟಾಪಿಗೇ ಹೇಳಿದ್ದೆಂದು ತಿಳಿದುಕೊಂಡೆ.

ನಲವತ್ತನೆಯ ದಿನ ಶ್ರೀರಂಗಪಟ್ಟಣಕ್ಕೆ ಹೋದೆ. ಓಣಿಗೆ ಶಾಮಿಯಾನ ಹಾಕಿದ್ದರು. ಫಾತೆಹಾ ಓದಿದ ಮೇಲೆ ಊಟ. ಕೆ.ಆರ್. ಪೇಟೆಯವರು, ನಾಗಮಂಗಲದವರು, ಅವನ ಕೈಯಲ್ಲಿ ಟ್ರಾಕ್ಟರಿಗೆ ಹೆಸರು ಬರೆಸಿಕೊಂಡವರು, ಅವರ ಮಕ್ಕಳು. ಜನ ಬಂದಿದ್ದರು, ಕಾರ್ಡೂ ಬಂದಿತ್ತು. ಒಳ್ಳೆಯ ದಪ್ಪ ಕಾಗದ, ನುಣ್ಣಗಿನ ಅಕ್ಷರ, ಒಂದೂ ತಪ್ಪಿಲ್ಲ. ನನ್ನ ಪಕ್ಕದಲ್ಲಿ ಊಟಕ್ಕೆ ಕೂತವನು ಸಿಂಧಘಟ್ಟದ ಮುದುಕ. ಮೂರು ಹೆಣ್ಣುಮಕ್ಕಳ ಮದುವೆ ಕಾರ್ಡನ್ನೂ ಅವನಲ್ಲೇ ಹೊಡೆಸಿದವನು. ಜೇಬಿನಿಂದ ಕಾರ್ಡು ತೆಗೆದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಕಾರ್ಡು ಸಾಬ್ರದ್ದೇ. ಸಾಬ್ರ ಅಕ್ಸರ ಇಲ್ವಲ್ಲ ಗುಮಾಸ್ತ್ರೆ?"

"ಮಿಸೀನು ಒಪ್ಲಿಲ್ಲ ಕಣಣ್ಣ" ಎಂದೆ.

"ಒಪ್ಸಬೇಕಾಗಿತ್ತು" ಎಂದು ಕಾರ್ಡು ಮಡಿಸಿ ಒಳಗಿಟ್ಟುಕೊಂಡ.

ಅದಾದ ಮೇಲೆ ಬಂದ ಭಾನುವಾರ ಬೆಳಿಗ್ಗೆ ಮಗಳು ನಮ್ಮ ಮನೆಗೆ ಬಂದಳು. ನಕಲು ಇದ್ದ ಡಿಸ್ಕನ್ನು ನನ್ನಲ್ಲಿಯೇ ಬಿಟ್ಟಿದ್ದಳು, ಅದನ್ನು ಒಯ್ಯಲು. ಬಂದವಳು ಕಾಫಿ ಕುಡಿದು, "ಇರ್ಲಿ, ಒಂದ್ಸಲ ನಾನೂ ನೋಡ್ತೀನಿ" ಎಂದು ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿ ಕೂತಳು. ಎಫ್-ಎರಡಕ್ಕೆ ಅವಳಿಗೆ ಒಂದೇ ಪ್ರಯತ್ನ ಸಾಕಾಯಿತು. ಎರಡನೇ ಪುಟ, ಆ ಸಾಲು, ಎನೇಬಲ್ಡ್, ಎಫ್-ಹತ್ತು. ಪ್ರಶ್ನೆ ಬಂತು. ಅವಳ ಬೆರಳು ನಿಲ್ಲಲೇ ಇಲ್ಲ. ಹೌದು ಎಂದಳು.

"ಕಾಯಂ ಮಾಡ್ಬುಟ್ಟೆಯಲ್ಲಮ್ಮ" ಎಂದೆ, ತಡೆಯಲಾಗದೆ.

ಅವಳು ತಿರುಗಿ ನೋಡಿದಳು. "ನೀವು ಏನ್ ಒತ್ತಿದ್ರಿ ಚಾಚಾ?"

ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ನನ್ನ ಮುಖವನ್ನು ಅವಳು ಮಗುವಾಗಿದ್ದಾಗಿನಿಂದ ಓದಿ ಬಲ್ಲಳು.

"ಅಷ್ಟು ಸಲಾನೂವಾ?"

ಅಷ್ಟು ಸಲವೂ ಎಂದು ತಲೆಯಾಡಿಸಿದೆ.

ಅವಳು ಎದ್ದು ಹಿತ್ತಿಲಿಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿದ್ದುದು ಕೇಳಿಸಿತು. ನನ್ನ ಹೆಂಡತಿ ನನ್ನ ಕಡೆ ಒಂದು ಸಲ ನೋಡಿ, ಟವೆಲು ಹಿಡಿದು ಅವಳ ಹಿಂದೆ ಹೋದಳು. ಮೂವತ್ತೆರಡು ವರ್ಷದಲ್ಲಿ ನನ್ನ ಮೇಲೆ ಎರಡು ಇಲಾಖಾ ವಿಚಾರಣೆ ನಡೆದಿವೆ. ಎರಡರಲ್ಲೂ ನಾನು ನಿರ್ದೋಷಿ. ಇದರಲ್ಲಿ ಆರೋಪಪಟ್ಟಿಯನ್ನೇ ಯಾರೂ ಕೊಡಲಿಲ್ಲ.

ವಾಪಸು ಬಂದು ಮುಖ ಒರೆಸಿಕೊಳ್ಳುತ್ತ ಅವಳು ಅಂದಳು: "ಅಬ್ಬಾ ಇದ್ದಿದ್ರೆ ಇದ್ನ ನಾಕು ತಾಲ್ಲೂಕ್ಗೂ ಹೇಳ್ಕೊಂಡು ಒಂದ್ ವರ್ಸ ನಗ್ತಿದ್ರು ಚಾಚಾ." ಅಷ್ಟೇ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಪ್ರೋಗ್ರಾಮು ಈಗ ತಕರಾರಿಲ್ಲದೆ ತೆರೆಯಿತು. ಲ್ಯಾಪ್‌ಟಾಪು ಒಂದಿಷ್ಟು ಏದುಸಿರು ಬಿಟ್ಟಿತು, ಫ್ಯಾನು ಗೊರಗೊರ ಎಂದಿತು, ಆಮೇಲೆ ಪರದೆಯೊಳಗೊಂದು ಪರದೆ ಬೆಳಗಿ, ಅವನ ಅಂಗಡಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೇಳಿಸುತ್ತಿದ್ದ ಅದೇ ಹಳೆಯ ರಾಗ ನುಡಿಯಿತು. ಹಿಂಬದಿಗೆ ಅವನೇ ತೆಗೆದ ಕರಿಘಟ್ಟದ ಪಟ, ಲೋಕಪಾವನಿಯ ದಡದಿಂದ, ಬೆಟ್ಟ ಒಂದು ಪಕ್ಕಕ್ಕೆ ವಾಲಿದೆ. ಅದನ್ನು ನೆಟ್ಟಗೆ ಮಾಡೋ ಎಂದು ನಾನು ಎಷ್ಟೋ ಶನಿವಾರ ಹೇಳಿದ್ದೆ. "ಬೆಟ್ಟ ಅಂಗೇ ಐತೆ, ನಿನ್ ಕತ್ತು ಸರಿಗಿಲ್ಲ" ಎನ್ನುತ್ತಿದ್ದ.

ತಾಲ್ಲೂಕಿಗೊಂದರಂತೆ ನಾಲ್ಕು ಫೋಲ್ಡರು. ಅದರೊಳಗೆ ಊರುಗಳು, ಊರೊಳಗೆ ಮನೆಗಳು. ಮಗಳು ಒಂದೊಂದನ್ನೇ ತೆಗೆದು ನೋಡುತ್ತ ಹೋದಳು. ಎಲ್ಲ ಕಡೆಯೂ ಕೊಂಬು ಬಾಗಿಸಿದ ಅವನ ಅಕ್ಷರ. ಅವಳ ಮದುವೆಯ ಕಾರ್ಡೂ ಸಿಕ್ಕಿತು. ಅದನ್ನು ಬೇಗ ಮುಚ್ಚಿದಳು. ಪಾಂಡವಪುರದ ಫೋಲ್ಡರಿನಲ್ಲಿ, ತಿಥಿ ಎಂಬ ಗುಂಪಿನಲ್ಲಿ, ಒಂದು ಫೈಲಿಗೆ ನನ್ನ ಹೆಸರಿತ್ತು.

"ಇದ್ನ ತೆಗ್ಯೋದು ಬ್ಯಾಡ ಬುಡಿ ಚಾಚಾ."

"ತೆಗಿಯಮ್ಮ. ನನ್ನ ಕಡತ ನೋಡೋ ಹಕ್ಕು ನಂಗೈತೆ."

ಎರಡು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಎದೆ ಕೊಯ್ದು ಹೊಲಿದಿದ್ದರು. ಹದಿನೆಂಟು ದಿನ ಮಲಗಿದ್ದೆ. ನಡುವೆ ಮೂರು ದಿನ ನಾನು ಇಲ್ಲವೆಂದೇ ಎಲ್ಲರೂ ತೀರ್ಮಾನಿಸಿದ್ದರಂತೆ. ಅವನು ದಿನಾ ಬಸ್ಸಿನಲ್ಲಿ ಬಂದು ಮಂಚದ ಪಕ್ಕ ಕೂತು ಹೋಗುತ್ತಿದ್ದ. ನಮ್ಮ ಕಡೆ ತಿಥಿಗೆ ಹನ್ನೊಂದೇ ದಿನ, ಅಷ್ಟರೊಳಗೆ ಕಾರ್ಡು ಊರೂರಿಗೆ ಮುಟ್ಟಬೇಕು. ಕಸುಬು ಗೊತ್ತಿದ್ದವನು ಮುಂಚಿತವಾಗಿ ಜೋಡಿಸಿಟ್ಟಿದ್ದ. ದಿನಾಂಕದ ಜಾಗದಲ್ಲಿ ಚುಕ್ಕಿಗಳು. ನನ್ನ ನಿವೃತ್ತಿಯ ದಿನದ ಪಟ, ಹಾರವನ್ನು ಕತ್ತರಿಸಿ ತೆಗೆದದ್ದು. ಸದರಿಯವರು ದೈವಾಧೀನರಾದ ಪ್ರಯುಕ್ತ, ಎಂದು ನನ್ನ ಕಚೇರಿಯ ಭಾಷೆಯಲ್ಲೇ ಬರೆದಿದ್ದ. ನನ್ನನ್ನು ಅಣಕಿಸಲು ಅವನು ನನ್ನ ಸಾವಿನವರೆಗೂ ಕಾಯಲಿಲ್ಲ.

"ಓದು" ಎಂದೆ. "ಕೊನೆಯಿಂದ."

ಅವಳಿಗೆ ಪದ್ಧತಿ ಗೊತ್ತಿತ್ತು. ಪರದೆಯ ಕೆಳತುದಿಗೆ ಹೋಗಿ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಅಲ್ಲಿ, ದುಃಖತಪ್ತರ ಪಟ್ಟಿಯ ಕಟ್ಟಕಡೆಗೆ, ನನ್ನ ಹೆಂಡತಿ ಮಕ್ಕಳು ಬಂಧುಗಳೆಲ್ಲ ಮುಗಿದ ಮೇಲೆ, ಒಂದು ಸಾಲು ಬಿಟ್ಟು, ಬೇರೆಯಾಗಿ ಅವನ ಹೆಸರಿತ್ತು. ಹೆಸರಿನ ಹಿಂದೆ "ಗೆಳೆಯ" ಎಂದಷ್ಟೇ. ಹಿಂದಿನಿಂದ ಓದುವವರಿಗೆ ಮೊದಲು ಸಿಗುವುದು ಅದು.

ಅವಳು ಓದಿದಳು. ಮೊದಲು ತಂದೆಯ ಹೆಸರು, ಆಮೇಲೆ ಗೆಳೆಯ, ಆಮೇಲೆ ನನ್ನವರೆಲ್ಲ ಒಬ್ಬೊಬ್ಬರಾಗಿ. ನಾನು ಬೆರಳಿನಿಂದ ಗಾಳಿಯಲ್ಲಿ ಗುರುತು ಹಾಕುತ್ತಿದ್ದೆ. ನನ್ನ ಹೆಂಡತಿ ಬಾಗಿಲಿಗೆ ಆನಿಕೊಂಡು ನಿಂತು ತನ್ನ ಹೆಸರನ್ನು ಕೇಳಿಸಿಕೊಂಡಳು. ಕೊನೆಗೆ ನಾನು ಬಂದೆ.

"ತಪ್ಪಿಲ್ಲ ಚಾಚಾ" ಎಂದಳು.

"ಒಂದೈತೆ." ಸತ್ತವರು ಕರೆಯುವವರ ಪಟ್ಟಿಯಲ್ಲಿ ಇರುವಂತಿಲ್ಲ. ಎಷ್ಟೋ ಕಾರ್ಡುಗಳಲ್ಲಿ ಈ ತಪ್ಪನ್ನು ಹಿಡಿದು, ಗಿರಾಕಿಗೆ ತಿಳಿಹೇಳಿ, ಅಂಥ ಹೆಸರುಗಳನ್ನು ತೆಗೆಸಿದವನು ನಾನೇ. ತೆಗೆಯುತ್ತಿದ್ದವನು ಅವನು. ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು, ಅವನ ಹೆಸರಿದ್ದ ಆ ಸಾಲಿನ ಕೊನೆಗೆ ಹೋಗಿ, ಅಳಿಸುವ ಗುಂಡಿಯನ್ನು ಒಂದೊಂದೇ ಸಲ ಒತ್ತಿದೆ. ಬಾಗಿದ ಕೊಂಬುಗಳು ಒಂದೊಂದಾಗಿ ಹೋದವು. ಜಾಗ ಖಾಲಿಯಾಯಿತು. ಕಾರ್ಡು ಈಗ ನಿಯಮಾನುಸಾರವಿತ್ತು.

ಹೊರಗೆ ಕಲ್ಲು ತುಂಬಿದ ಲಾರಿಯೊಂದು ಗೇರು ಬದಲಿಸುತ್ತ ಹೋಯಿತು.

ಫೈಲು ಮುಚ್ಚಲು ಹೋದೆ. ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಆ ಹಳೆಯ ಯಂತ್ರವೂ, ಬದಲಾವಣೆಗಳನ್ನು ಉಳಿಸುವುದೇ ಎಂದು ಕೇಳಿತು. ಹೌದು. ಇಲ್ಲ.

ಈ ಸಲ ಪ್ರಶ್ನೆಯನ್ನು ಎರಡು ಸಲ ಓದಿದೆ. ಅರ್ಥವಾಯಿತು. ಇಲ್ಲ ಎಂದು ಒತ್ತಿದೆ.